ದಿಬ್ಬದ ಮೇಲೆ ನೀರೆಷ್ಟಿದೆ? ಬೋಟಿಗೆ ಉಬ್ಬರ-ಇಳಿತದ ಪೆಟ್ಟಿಗೆ ಕಟ್ಟಿದ ಕ್ರಮ

ಪೆಟ್ಟಿಗೆ ಈಗ ಬೋಟಿನ ಸ್ಟಿಯರಿಂಗ್ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದೆ. ಪರದೆಯ ಮೇಲೆ ಒಂದೇ ದೊಡ್ಡ ಅಂಕಿ. ಜೆಟ್ಟಿಯ ಮುಂದಿರುವ ಮರಳುದಿಬ್ಬ ದಾಟುವಾಗ ಬೋಟಿನ ತಳದ ಕೆಳಗೆ ಎಷ್ಟು ನೀರು ಉಳಿಯುತ್ತದೆ ಅನ್ನುವುದು. ಅದರ ಕೆಳಗೆ ಚಿಕ್ಕದಾಗಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ದಾಟಬಹುದು ಅಂತ. ಇದನ್ನು ಕಟ್ಟುವಾಗ ಏನೇನು ಕೈಕೊಟ್ಟಿತು, ಹೇಗೆ ಸರಿಹೋಯಿತು ಅನ್ನುವುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇಂಥದ್ದನ್ನೇ ಕಟ್ಟಲು ಹೊರಟವರಿಗೆ ಕೈಕೊಟ್ಟ ಕಡೆಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಫೋನಿನಲ್ಲಿ ಆ್ಯಪ್ ಇದೆ, ಚಾರ್ಟ್‌ಪ್ಲಾಟರ್ (ಸಮುದ್ರದ ನಕ್ಷೆ ತೋರಿಸುವ ಪರದೆ) ಕೂಡ ಉಬ್ಬರದ ಗೆರೆ ತೋರಿಸುತ್ತದೆ, ಮತ್ತೆ ಇದು ಯಾಕೆ? ಅವೆರಡನ್ನೂ ಈಗಲೂ ಬಳಸುತ್ತೇನೆ. ಆದರೆ ಅವು ಹೇಳುವುದು ಹತ್ತಿರದ ಬಂದರಿನ ಉಬ್ಬರವನ್ನು. ನನ್ನ ಜೆಟ್ಟಿ ಇರುವುದು ಅಳಿವೆಯಿಂದ ಒಳಗೆ, ಹೊಳೆಯಲ್ಲಿ. ಇಲ್ಲಿಗೆ ನೀರು ತಡವಾಗಿ ಬರುತ್ತದೆ, ಏರುವ ಎತ್ತರವೂ ಬೇರೆ. ಇನ್ನೊಂದು ವಿಷಯ, ಅವುಗಳದ್ದು ಸೂರ್ಯ-ಚಂದ್ರರ ಲೆಕ್ಕ ಮಾತ್ರ. ಗಾಳಿ ನೀರನ್ನು ಒಳಗೆ ತಳ್ಳಿದ್ದು, ವಾಯುಭಾರ ಏರಿ ನೀರು ತಗ್ಗಿದ್ದು ಅದರಲ್ಲಿ ಸೇರುವುದಿಲ್ಲ. ವಾಯುಭಾರ 1 ಹೆಕ್ಟೊಪಾಸ್ಕಲ್ ಏರಿದರೆ ನೀರು ಸುಮಾರು 1 ಸೆಂ.ಮೀ. ತಗ್ಗುತ್ತದೆ, ಇಳಿದರೆ ಅಷ್ಟೇ ಏರುತ್ತದೆ. ತಳದ ಕೆಳಗೆ ಅರ್ಧ ಮೀಟರ್ ಬಿಡುವಿಟ್ಟುಕೊಂಡು ಹೋಗುವವರಿಗೆ 15–20 ಸೆಂ.ಮೀ. ದೊಡ್ಡ ವ್ಯತ್ಯಾಸ ಅಲ್ವಾ?

ಹಾಗಾಗಿ ಎರಡು ಪೆಟ್ಟಿಗೆ ಕಟ್ಟಿದೆ. ಒಂದು ಜೆಟ್ಟಿಯಲ್ಲಿ ನಿಜವಾದ ನೀರಿನ ಮಟ್ಟ ಅಳೆಯುತ್ತದೆ, ಅದನ್ನು ಲೋರಾ ಅನ್ನುವ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೊ ಮೂಲಕ ಕಳಿಸುತ್ತದೆ. ಇನ್ನೊಂದು ಬೋಟಿನಲ್ಲಿ ಮುಂದಿನ ಉಬ್ಬರದ ಲೆಕ್ಕ ಹಾಕಿ, ಜೆಟ್ಟಿಯ ಅಳತೆಯ ಜೊತೆ ಹೋಲಿಸಿ ತೋರಿಸುತ್ತದೆ.

ಹಂತ 1: ಸಾಮಾನು

ಜೆಟ್ಟಿಗೆ: ಲೋರಾ ಇರುವ, ಕೋಡ್ ಓಡಿಸುವ ಇಎಸ್‌ಪಿ32 ಬೋರ್ಡು, ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದ ಕಳಿಸಿ, ಪ್ರತಿಧ್ವನಿಯಿಂದ ದೂರ ಅಳೆಯುವುದು), ಎರಡು ಡಿಎಸ್18ಬಿ20 ತಾಪಮಾನ ಪ್ರೋಬ್, ಒಂದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಚಿಕ್ಕ ಸೋಲಾರ್ ಪ್ಯಾನೆಲ್, 110 ಮಿ.ಮೀ. ಪಿವಿಸಿ ಪೈಪು, ಸ್ಟೇನ್‌ಲೆಸ್ ಕ್ಲಾಂಪುಗಳು. ಬೋಟಿಗೆ: ಅದೇ ಥರದ ಇನ್ನೊಂದು ಬೋರ್ಡು, 4.2 ಇಂಚಿನ ಇ-ಪೇಪರ್ ಪರದೆ, ಡಿಎಸ್3231 ಗಡಿಯಾರ, ಜಿಪಿಎಸ್ ಮಾಡ್ಯೂಲ್, ಬಿಎಂಪಿ280 ವಾಯುಭಾರ ಸೆನ್ಸರ್. ಕೈಯಲ್ಲಿ ಡ್ರಿಲ್, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಟೇಪು, ಉದ್ದದ ಪಾರದರ್ಶಕ ಹೋಸು.

ದುಡ್ಡು ಹಾಕಬೇಕಾದ ಜಾಗ ಎಲೆಕ್ಟ್ರಾನಿಕ್ಸ್ ಅಲ್ಲ. ನೀರು ಹೋಗದ ಪೆಟ್ಟಿಗೆ, ಒಳ್ಳೆ ಕೇಬಲ್ ಗ್ಲ್ಯಾಂಡು, ತುಕ್ಕು ಹಿಡಿಯದ ಕ್ಲಾಂಪು, ಇವುಗಳಿಗೆ ಹಾಕಿ. ಸೆನ್ಸರ್ ಕೆಟ್ಟರೆ ಬೇರೆ ಹಾಕಬಹುದು. ಪೈಪು ಒಂದು ಸಲ ಜಾರಿದರೆ ಅಳತೆಯ ಸೊನ್ನೆಯೇ ಹೋಯಿತು.

ಒಂದು ಸಣ್ಣ ಎಚ್ಚರ. ಅಲ್ಟ್ರಾಸಾನಿಕ್ ಸೆನ್ಸರ್ ಅನ್ನು 5 ವೋಲ್ಟಿನಲ್ಲಿ ಓಡಿಸಿದರೆ ಅದರ ಎಕೊ (ಓದು ಕಳಿಸುವ) ತಂತಿಯಲ್ಲೂ 5 ವೋಲ್ಟು ಬರುತ್ತದೆ, ಇಎಸ್‌ಪಿ32 ತಡೆಯುವುದು 3.3. ನಡುವೆ 10 ಕಿಲೋಓಮ್ ಮತ್ತು 20 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದೆ.

ಹಂತ 2: ಪೈಪು

ಅಲೆ ಏಳುವ ನೀರನ್ನು ನೇರವಾಗಿ ಅಳೆದರೆ ಅಂಕಿ ಕುಣಿಯುತ್ತದೆ. ಪೈಪು ನಿಲ್ಲಿಸಿ, ತಳ ಮುಚ್ಚಿ, ಒಂದು ಸಣ್ಣ ತೂತು ಮಾತ್ರ ಬಿಟ್ಟರೆ ಒಳಗೆ ನೀರು ನಿಧಾನವಾಗಿ ಏರಿ ಇಳಿಯುತ್ತದೆ. ತೂತಿನ ಅಗಲ ಪೈಪಿನ ಹತ್ತರಲ್ಲೊಂದು ಭಾಗ ಇರಬೇಕು ಅನ್ನುವುದು ಉಬ್ಬರ ಅಳೆಯುವವರ ಹಳೆಯ ಅಳತೆ. 110 ಮಿ.ಮೀ. ಪೈಪಿಗೆ 11 ಮಿ.ಮೀ. ತೂತು.

ಮೊದಲು ಎರಡು ಪೈಪು ಜೋಡಿಸಿ ಉದ್ದ ಮಾಡಿದೆ. ಅದು ಕೆಲಸ ಮಾಡಲಿಲ್ಲ. ನೀರು ಎಲ್ಲೇ ಇರಲಿ, ಸೆನ್ಸರ್ ಮತ್ತೆ ಮತ್ತೆ ಒಂದೇ ದೂರ ಹೇಳುತ್ತಿತ್ತು. ಟೇಪು ಇಳಿಬಿಟ್ಟು ನೋಡಿದರೆ ಅದು ಸರಿಯಾಗಿ ಜಾಯಿಂಟಿನ ಜಾಗ. ಈ ಸೆನ್ಸರಿನ ಶಬ್ದ ಅಗಲವಾಗಿ ಹರಡುತ್ತದೆ, ಮೊದಲು ವಾಪಸು ಬಂದ ಪ್ರತಿಧ್ವನಿಯನ್ನೇ ಅದು ದೂರ ಅಂತ ಹಿಡಿಯುತ್ತದೆ. ಜಾಯಿಂಟಿನೊಳಗೆ ಎರಡು-ಮೂರು ಮಿ.ಮೀ. ಅಂಚು ಎದ್ದಿದ್ದರೂ ಸಾಕು. ಅಂಚು ಉಜ್ಜಿ ನೋಡಿದೆ, ತಪ್ಪು ಓದು ಕಡಿಮೆ ಆಯಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ಜಾಯಿಂಟ್ ಇಲ್ಲದ ಒಂದೇ ಉದ್ದದ ಪೈಪು ತಂದು ಹಾಕಿದ ಮೇಲೆ ಆ ಕಾಟ ಪೂರ್ತಿ ಹೋಯಿತು.

ಪೈಪಿನ ತಲೆಯ ಹತ್ತಿರ ಗಾಳಿಗೆ ಒಂದು ತೂತು ಬೇಕೇ ಬೇಕು. ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ಗಾಳಿ ಹೊರಗೆ ಹೋಗದೆ ನೀರನ್ನು ಏರಲು ಬಿಡುವುದಿಲ್ಲ. ಈ ಸೆನ್ಸರಿಗೆ 25 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ, ಹಾಗಾಗಿ ಅತಿ ಎತ್ತರದ ಉಬ್ಬರಕ್ಕಿಂತ 60 ಸೆಂ.ಮೀ. ಮೇಲೆ ಕೂರಿಸಿದೆ.

ತಳದ ತೂತು ಇರುವ ತಟ್ಟೆಯನ್ನು ತಾಮ್ರದಲ್ಲಿ ಮಾಡಿಸಿದೆ. ತಾಮ್ರದ ಮೇಲೆ ಬಾರ್ನಕಲ್ ಚಿಪ್ಪು ಸುಲಭಕ್ಕೆ ಕೂರುವುದಿಲ್ಲ. ಆದರೂ ಕೆಸರು ಸೇರುತ್ತದೆ. ತೂತು ಕಟ್ಟುತ್ತಿದ್ದರೆ ಅದು ಗೊತ್ತಾಗುವ ರೀತಿ ಮೋಸದ್ದು. ಅಂಕಿ ಚೆನ್ನಾಗಿ, ನುಣುಪಾಗಿ ಬರುತ್ತಲೇ ಇರುತ್ತದೆ. ಆದರೆ ಉಬ್ಬರ ನಿಜಕ್ಕಿಂತ ತಡವಾಗಿ, ಸ್ವಲ್ಪ ಗಿಡ್ಡವಾಗಿ ಕಾಣುತ್ತದೆ. ಪರೀಕ್ಷೆ ಹೀಗೆ: ಮುಚ್ಚಳ ತೆಗೆದು ನಾಲ್ಕೈದು ಲೀಟರ್ ನೀರು ಒಮ್ಮೆಗೇ ಸುರಿದು, ತಕ್ಷಣ ಮುಚ್ಚಿ ಓದು ನೋಡಬೇಕು. ಒಳಗೆ ಅರ್ಧ ಮೀಟರ್ ಏರಿದ ನೀರು ಒಂದು ನಿಮಿಷದೊಳಗೆ ಹೊರಗಿನ ಮಟ್ಟಕ್ಕೆ ಬಂದರೆ ತೂತು ಸ್ವಚ್ಛ. ಎರಡು-ಮೂರು ನಿಮಿಷ ಹಿಡಿದರೆ ಬ್ರಶ್ ತಗೊಳ್ಳಿ.

ಹಂತ 3: ಬಿಸಿಲು

ಇದರ ಮೇಲೆ ಜಾಸ್ತಿ ಸಮಯ ಹೋಯಿತು. ರಾತ್ರಿ ಅಳತೆ ಸರಿಯಾಗಿ ಬರುತ್ತಿತ್ತು, ಮಧ್ಯಾಹ್ನ ಮಾತ್ರ ನೀರು ನಿಜಕ್ಕಿಂತ ಮೇಲಿದೆ ಅಂತ ತೋರಿಸುತ್ತಿತ್ತು. ಕಾರಣ ಗಾಳಿಯ ಬಿಸಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 331.3 ಮೀಟರ್, ಅದರ ಮೇಲೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.6 ಮೀಟರ್ ಸೇರುತ್ತದೆ. ಕೋಡಿನಲ್ಲಿ 25 ಡಿಗ್ರಿ ಅಂತ ಬರೆದಿಟ್ಟು, ಪೈಪಿನೊಳಗೆ 35 ಡಿಗ್ರಿ ಇದ್ದರೆ 4 ಮೀಟರ್ ದೂರಕ್ಕೆ 7 ಸೆಂ.ಮೀ. ತಪ್ಪು. ಅದೂ ಅಪಾಯದ ಕಡೆಗೆ, ಇಲ್ಲದ ನೀರು ಇದೆ ಅಂತ ತೋರಿಸುತ್ತದೆ.

ಬೋರ್ಡಿನ ಪಕ್ಕ ಒಂದು ತಾಪಮಾನ ಪ್ರೋಬ್ ಇಟ್ಟು ನೋಡಿದೆ. ಸಾಲಲಿಲ್ಲ. ಪೆಟ್ಟಿಗೆಯೊಳಗಿನ ಬಿಸಿಯೇ ಬೇರೆ, ಪೈಪಿನೊಳಗಿನ ಬಿಸಿಯೇ ಬೇರೆ. ಪೈಪಿನೊಳಗೂ ಮೇಲೆ ಬಿಸಿ, ನೀರಿನ ಹತ್ತಿರ ತಂಪು. ಈಗ ಎರಡು ಪ್ರೋಬ್ ಇವೆ. ಒಂದು ಸೆನ್ಸರಿನಿಂದ ಅರ್ಧ ಮೀಟರ್ ಕೆಳಗೆ, ಇನ್ನೊಂದು ಉಬ್ಬರದ ನೀರು ಮುಟ್ಟುವುದಕ್ಕೆ ಸ್ವಲ್ಪ ಮೇಲೆ, ಎರಡೂ ಪೈಪಿನ ಗೋಡೆಗೆ ಅಂಟಿ, ಶಬ್ದಕ್ಕೆ ಅಡ್ಡ ಬರದ ಹಾಗೆ. ಎರಡರ ಸರಾಸರಿ ತೆಗೆದು ವೇಗ ಲೆಕ್ಕ ಹಾಕುತ್ತೇನೆ. ಪೈಪಿಗೆ ಬಿಳಿ ಬಣ್ಣ ಹೊಡೆದು, ಬಿಸಿಲು ಬೀಳುವ ಕಡೆ ಒಂದು ಹಲಗೆ ಮರೆ ಕಟ್ಟಿದೆ. ನಿಜ ಹೇಳಬೇಕೆಂದರೆ ಪ್ರೋಬುಗಳಿಗಿಂತ ಆ ಹಲಗೆಯಿಂದಲೇ ಜಾಸ್ತಿ ಸುಧಾರಿಸಿತು. ಟೇಪಿಗೆ ಹೋಲಿಸಿದರೆ ಈಗ ಮಧ್ಯಾಹ್ನವೂ ವ್ಯತ್ಯಾಸ 2 ಸೆಂ.ಮೀ. ಒಳಗೇ ಇರುತ್ತದೆ.

ನೀರಿನಡಿ ಇಡುವ ಒತ್ತಡದ ಸೆನ್ಸರ್ ಹಾಕಬಹುದಿತ್ತಲ್ಲ ಅಂತ ಅನ್ನಿಸಬಹುದು. ಅದರ ಬಗ್ಗೆ ಯೋಚಿಸಿ ಬಿಟ್ಟೆ. ಹೊಳೆ ತುಂಬಿ ಬಂದಾಗ ಇಲ್ಲಿ ನೀರು ಸಿಹಿ, ಉಳಿದ ಕಾಲ ಉಪ್ಪು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 2.5 ಶೇಕಡಾ ತೂಕ ಜಾಸ್ತಿ, 4 ಮೀಟರ್ ನೀರಿಗೆ 10 ಸೆಂ.ಮೀ. ತಪ್ಪು ಬರುತ್ತದೆ. ತೆರೆದ ಸಮುದ್ರದ ಜೆಟ್ಟಿಗೆ ಅದೇ ಒಳ್ಳೆಯದಿರಬಹುದು, ಹೊಳೆಗಲ್ಲ.

ಓದುವ ಕ್ರಮ: 10 ನಿಮಿಷಕ್ಕೊಮ್ಮೆ ಬೋರ್ಡು ಎಚ್ಚರಾಗಿ, ಸೆಕೆಂಡಿಗೊಂದರಂತೆ 60 ಓದು ತೆಗೆದು, ನಡುವಿನ ಬೆಲೆಯನ್ನು ಮಾತ್ರ ಕಳಿಸಿ ಮತ್ತೆ ಮಲಗುತ್ತದೆ. ಸರಾಸರಿ ಬೇಡ. ಒಂದೇ ಒಂದು ಹುಚ್ಚು ಓದು ಸರಾಸರಿಯನ್ನು ಎಳೆದುಬಿಡುತ್ತದೆ.

ಹಂತ 4: ಸೊನ್ನೆ ಎಲ್ಲಿ?

ಸೆನ್ಸರ್ ಹೇಳುವುದು ತನ್ನಿಂದ ನೀರಿಗಿರುವ ದೂರ. ನಮಗೆ ಬೇಕಾದ್ದು ಚಾರ್ಟಿನ (ಸಮುದ್ರದ ನಕ್ಷೆಯ) ಸೊನ್ನೆಯಾದ ಚಾರ್ಟ್ ಡೇಟಮ್‌ನಿಂದ ನೀರಿನ ಎತ್ತರ. ಚಾರ್ಟಿನಲ್ಲಿ ಅಚ್ಚಾದ ಆಳಗಳೆಲ್ಲ ಆ ಸೊನ್ನೆಯಿಂದಲೇ. ಆ ಸೊನ್ನೆ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್ನಿನ ಚಾರ್ಟುಗಳಲ್ಲಿ ಅದು ಖಗೋಳ ಲೆಕ್ಕದಲ್ಲಿ ಬರಬಹುದಾದ ಅತಿ ತಗ್ಗಿನ ಮಟ್ಟ. ಅಮೆರಿಕದಲ್ಲಿ ದಿನದ ಎರಡು ಇಳಿತಗಳಲ್ಲಿ ತಗ್ಗಿನದ್ದರ ಸರಾಸರಿ, ಅಂದರೆ ಅಲ್ಲಿ ನೀರು ಸೊನ್ನೆಗಿಂತ ಕೆಳಗೆ ಹೋಗುವುದು ಮಾಮೂಲು. ಆ್ಯಪು ಒಂದು ಸೊನ್ನೆ, ಚಾರ್ಟು ಇನ್ನೊಂದು ಸೊನ್ನೆ ಹಿಡಿದಿದ್ದರೆ ಎರಡನ್ನೂ ಕೂಡಿಸಿ ಬಂದ ಆಳ ಸುಳ್ಳು.

ಜಿಪಿಎಸ್ ಎತ್ತರದಿಂದ ಸೊನ್ನೆ ಹಿಡಿಯಲು ಹೋಗಬೇಡಿ. ಅದು ಭೂಮಿಯ ಒಂದು ಗಣಿತದ ಆಕಾರದಿಂದ ಅಳೆದ ಎತ್ತರ, ಸಮುದ್ರದ ಮಟ್ಟಕ್ಕಿಂತ ಹತ್ತಾರು ಮೀಟರ್ ಬೇರೆ ಇರಬಹುದು.

ನಾನು ಮಾಡಿದ್ದು: ಜೆಟ್ಟಿಯ ಕಲ್ಲಿನಲ್ಲಿ ಸರ್ವೆಯವರು ಕೆತ್ತಿದ ಗುರುತಿದೆ, ಅದು ಡೇಟಮ್‌ಗಿಂತ ಎಷ್ಟು ಮೇಲಿದೆ ಅನ್ನುವುದು ದಾಖಲೆಯಲ್ಲಿದೆ. ಅಲ್ಲಿಂದ ಪೈಪಿನ ತಲೆಗೆ ಹೋಸಿನಲ್ಲಿ ನೀರು ತುಂಬಿ ಮಟ್ಟ ತಂದೆ, ಗಾರೆ ಕೆಲಸದವರು ಮಾಡುವ ಹಾಗೆಯೇ. ಮೊದಲ ಸಲ ಬಂದ ಅಂಕಿಗೂ ಎರಡನೇ ಸಲದ್ದಕ್ಕೂ 6 ಸೆಂ.ಮೀ. ವ್ಯತ್ಯಾಸ. ಹೋಸಿನ ನಡುವೆ ಒಂದು ಗಾಳಿಗುಳ್ಳೆ ಕೂತಿತ್ತು. ಹೋಸನ್ನು ನೆರಳಲ್ಲಿ ಉದ್ದಕ್ಕೆ ಹಾಸಿ, ಒಂದು ತುದಿಯಿಂದ ನಿಧಾನವಾಗಿ ನೀರು ಬಿಟ್ಟು, ಗುಳ್ಳೆಯೆಲ್ಲ ಹೊರಟ ಮೇಲೆ ಮತ್ತೆ ಅಳೆದೆ. ಮೂರು ಸಲ ಒಂದೇ ಉತ್ತರ ಬರುವವರೆಗೆ ಬಿಡಲಿಲ್ಲ. ಸೆನ್ಸರಿನ ಮುಖ ಡೇಟಮ್‌ನಿಂದ 5.20 ಮೀ. ಮೇಲೆ. ಅದರಿಂದ ಓದಿದ ದೂರ ಕಳೆದರೆ ನೀರಿನ ಎತ್ತರ. ಪೈಪು ಜರುಗಿದರೆ ಗೊತ್ತಾಗಲಿ ಅಂತ ಕ್ಲಾಂಪಿನ ಪಕ್ಕ ಪೈಪಿನ ಮೇಲೂ ಕಂಬದ ಮೇಲೂ ಸೇರಿಸಿ ಒಂದು ಗೆರೆ ಕೊರೆದಿದ್ದೇನೆ.

ಹಂತ 5: ಗಡಿಯಾರ

ಉಬ್ಬರದ ಲೆಕ್ಕಕ್ಕೆ ತಾರೀಕು ಮತ್ತು ಹೊತ್ತು ಎರಡೂ ಸರಿ ಇರಬೇಕು. ಡಿಎಸ್3231 ಒಳ್ಳೆ ಗಡಿಯಾರ, ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ಆಚೀಚೆ. ಆದರೆ ಸಾಮಾನ್ಯವಾಗಿ ಸಿಗುವ ನೀಲಿ ಮಾಡ್ಯೂಲಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದಾರಿ ಇಟ್ಟಿರುತ್ತಾರೆ. ಅದಕ್ಕೆ ಚಾರ್ಜ್ ಆಗದ ಸಿಆರ್2032 ಹಾಕಿದರೆ ಬ್ಯಾಟರಿ ಊದಿಕೊಳ್ಳುತ್ತದೆ. ಡಯೋಡಿನ ಪಕ್ಕದ 200 ಓಮ್ ರೆಸಿಸ್ಟರ್ ಕಿತ್ತು ಹಾಕಿ, ಆಮೇಲೆ ಬಳಸಿ.

ಗಡಿಯಾರವನ್ನು ಜಿಪಿಎಸ್ ನೋಡಿ ಸರಿಮಾಡಿಕೊಳ್ಳುವ ಹಾಗೆ ಕೋಡ್ ಬರೆದೆ. ಅಲ್ಲಿಂದ ಲೆಕ್ಕ ಪೂರ್ತಿ ಎಡವಟ್ಟಾಯಿತು, ಗಂಟೆ-ನಿಮಿಷ ಮಾತ್ರ ಕರಾರುವಾಕ್ಕು. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ತಾರೀಕು ಮುದ್ರಿಸಿ ನೋಡಿದರೆ ಸುಮಾರು 19.6 ವರ್ಷ ಹಿಂದಿನದು. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ, ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್‌ನಲ್ಲಿ. ಹಳೆಯ ಮಾಡ್ಯೂಲುಗಳಿಗೆ ಎಷ್ಟನೇ ಸುತ್ತು ಅನ್ನುವುದು ತಿಳಿಯದೆ ಹಿಂದಿನ ತಾರೀಕು ಹೇಳುತ್ತವೆ. ತಾರೀಕು ಹಳೆಯದಾಗಿ ಕಂಡರೆ 1024 ವಾರ ಕೂಡಿಸು ಅಂತ ಎರಡು ಸಾಲು ಸೇರಿಸಿದೆ. ಹಳೆಯ ಚಾರ್ಟ್‌ಪ್ಲಾಟರ್ ಇಟ್ಟುಕೊಂಡವರು ಅದರ ತಾರೀಕನ್ನು ಒಮ್ಮೆ ನೋಡಿ. ಹೊತ್ತು ಸರಿ ಇದೆ ಅಂತ ತಾರೀಕಿನ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ.

ಹಂತ 6: ಲೆಕ್ಕ

ಉಬ್ಬರವನ್ನು ಹಲವು ಅಲೆಗಳ ಮೊತ್ತ ಅಂತ ಲೆಕ್ಕ ಹಾಕುತ್ತಾರೆ. ಚಂದ್ರನ ಮುಖ್ಯ ಅಲೆ ಎಂ2, ಗಂಟೆಗೆ 28.984 ಡಿಗ್ರಿ ಓಡುತ್ತದೆ (ಒಂದು ಪೂರ್ತಿ ಸುತ್ತು 360 ಡಿಗ್ರಿ). ಸೂರ್ಯನದು ಎಸ್2, ಸರಿಯಾಗಿ 30 ಡಿಗ್ರಿ. ಹೀಗೆ ಎನ್2, ಕೆ1, ಒ1, ಪಿ1 ಅಂತ ಸಾಲಾಗಿ ಬರುತ್ತವೆ. ಪ್ರತಿ ಊರಿಗೆ ಪ್ರತಿ ಅಲೆಯ ಎತ್ತರ ಮತ್ತು ತಡ ಬೇರೆ ಬೇರೆ. ಅವುಗಳ ಪಟ್ಟಿ ಸಿಕ್ಕರೆ ಯಾವ ದಿನಕ್ಕಾದರೂ ಲೆಕ್ಕ ಹಾಕಬಹುದು. ಎಕ್ಸ್‌ಟೈಡ್, ಓಪನ್‌ಸಿಪಿಎನ್ ಅನ್ನುವ ತಂತ್ರಾಂಶಗಳು ಮಾಡುವುದೂ ಇದನ್ನೇ. ಅಮೆರಿಕದ ಸಮುದ್ರ-ಹವಾಮಾನ ಸಂಸ್ಥೆ ನೋವಾ ಇಂದಿಗೂ ತನ್ನ ಕೇಂದ್ರಗಳಿಗೆ 37 ಅಲೆಗಳ ಪಟ್ಟಿ ಕೊಡುತ್ತದೆ. 1910ರಲ್ಲಿ ಆ ದೇಶದಲ್ಲಿ ಕೆಲಸಕ್ಕೆ ಇಳಿದ ಹಲ್ಲುಚಕ್ರಗಳ ಯಂತ್ರವೂ 37 ಅಲೆಗಳನ್ನೇ ಕೂಡುತ್ತಿತ್ತು. ಆ ಯಂತ್ರ ನೆನೆದಾಗಲೆಲ್ಲ ನನಗೆ ಕೈ ಮುಗಿಯೋಣ ಅನ್ನಿಸುತ್ತದೆ.

ಬಂದರಿನ ಪಟ್ಟಿಯನ್ನು ಹಾಕಿ ಓಡಿಸಿದಾಗ ಎರಡು ತೊಂದರೆ ಬಂತು.

ಒಂದು, ಗೆರೆ ನುಣುಪಾಗಿರದೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. 1970ರಿಂದ ಎಣಿಸಿದ ಸೆಕೆಂಡುಗಳನ್ನು, ಕೋಡಿನಲ್ಲಿ ಸಂಖ್ಯೆ ಇಡುವ ಚಿಕ್ಕ ಜಾಗವಾದ 32 ಬಿಟ್‌ನ ಫ್ಲೋಟ್‌ನಲ್ಲಿ ಇಟ್ಟಿದ್ದೇ ಕಾರಣ. 170 ಕೋಟಿ ದಾಟಿದ ಆ ಸಂಖ್ಯೆಯನ್ನು ಫ್ಲೋಟ್ 128 ಸೆಕೆಂಡಿಗಿಂತ ಸೂಕ್ಷ್ಮವಾಗಿ ಹಿಡಿಯಲಾರದು. ಅದಕ್ಕಿಂತ ನಿಖರವಾದ ಡಬಲ್‌ಗೆ ಬದಲಿಸಿ, ವರ್ಷದ ಮೊದಲ ಗಂಟೆಯಿಂದ ಎಣಿಸಲು ಶುರು ಮಾಡಿದ ಮೇಲೆ ಗೆರೆ ನುಣುಪಾಯಿತು.

ಎರಡು, ಗೆರೆಯ ಆಕಾರ ಸರಿ ಇದ್ದರೂ ಇಡೀ ಗೆರೆ ಗಂಟೆಗಟ್ಟಲೆ ಜರುಗಿತ್ತು. ಪಟ್ಟಿಯಲ್ಲಿನ ತಡವನ್ನು ಕೆಲವರು ಗ್ರೀನಿಚ್ ಸಮಯಕ್ಕೆ ಕೊಡುತ್ತಾರೆ, ಕೆಲವರು ಸ್ಥಳೀಯ ಸಮಯಕ್ಕೆ. ನೋಡಿದರೆ ಗುರುತು ಹತ್ತುವುದಿಲ್ಲ. ಆರು ಗಂಟೆ ಜರುಗಿದರಂತೂ ಉಬ್ಬರ ಇರುವಲ್ಲಿ ಇಳಿತ ತೋರಿಸುತ್ತದೆ. ಈಗ ಒಳಗಿನ ಲೆಕ್ಕವೆಲ್ಲ ಯುಟಿಸಿಯಲ್ಲಿ (ಗ್ರೀನಿಚ್ ಸಮಯದ್ದೇ ಈಗಿನ ರೂಪ), ಪರದೆಗೆ ಬರೆಯುವಾಗ ಮಾತ್ರ ಸ್ಥಳೀಯ ಸಮಯ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ದೇಶಗಳಲ್ಲಿ ಇದನ್ನು ಇನ್ನೂ ಜೋಪಾನವಾಗಿ ನೋಡಬೇಕು.

ಚಂದ್ರನ ಹಾದಿ 18.6 ವರ್ಷಕ್ಕೊಮ್ಮೆ ವಾಲಿ ಮರಳುತ್ತದೆ. ಅದರಿಂದ ಎಂ2 ಎತ್ತರ 3.7 ಶೇಕಡಾದಷ್ಟು ಹೆಚ್ಚು-ಕಡಿಮೆ ಆಗುತ್ತದೆ. ಅದಕ್ಕೆ ವರ್ಷವಾರು ತಿದ್ದುಪಡಿ ಪಟ್ಟಿ ಹಾಕಿದೆ.

ಹಂತ 7: ಜೆಟ್ಟಿಯದೇ ಪಟ್ಟಿ

ಜೆಟ್ಟಿಯ ಓದುಗಳು ಸೇರುತ್ತಾ ಬಂದ ಹಾಗೆ ಲ್ಯಾಪ್‌ಟಾಪಿನಲ್ಲಿ ಯುಟೈಡ್ ಅನ್ನುವ ಪೈಥಾನ್ ಪ್ಯಾಕೇಜ್ ಬಳಸಿ ಈ ಜಾಗದ್ದೇ ಪಟ್ಟಿ ತೆಗೆದೆ. ಇಲ್ಲಿ ಅವಸರ ಮಾಡಿದರೆ ಬರುವುದು ಕಸ. ಒಂದು ವಾರದ ಓದಿಗೆ ಲೆಕ್ಕ ಹಾಕಿದಾಗ ಎಂ2 ಮತ್ತು ಎಸ್2 ಕಲಸಿಕೊಂಡು, ಹುಣ್ಣಿಮೆಯ ಉಬ್ಬರಕ್ಕೂ ಅಷ್ಟಮಿಯ ಉಬ್ಬರಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆ ಎರಡನ್ನು ಬಿಡಿಸಲು 14.8 ದಿನ ಬೇಕು. ಎಂ2ನಿಂದ ಎನ್2 ಬಿಡಿಸಲು 27.6 ದಿನ. ಕೆ1 ಮತ್ತು ಪಿ1 ಬಿಡಿಸಲು ಅರ್ಧ ವರ್ಷ. ಅಷ್ಟು ಕಾಯದೆ, ಪಿ1 ಅಂದರೆ ಕೆ1ನ 0.33 ಪಾಲು ಅನ್ನುವ ರೂಢಿಯ ಪ್ರಮಾಣ ಹಾಕಿ ನಡೆಸಿದ್ದೇನೆ.

ಫಲ ಚೆನ್ನಾಗಿ ಬಂತು. ಬಂದರಿನ ಪಟ್ಟಿಯಲ್ಲಿ ತೀರಾ ಚಿಕ್ಕದಾಗಿದ್ದ ಎಂ4 (ಎಂ2ಗಿಂತ ಎರಡರಷ್ಟು ವೇಗದ ಅಲೆ) ಇಲ್ಲಿ ದೊಡ್ಡದಾಗಿದೆ. ಆಳವಿಲ್ಲದ ಹೊಳೆಯಲ್ಲಿ ಅದು ಹಾಗೇ. ಅಂದರೆ ನೀರು ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ. ಆರು ಗಂಟೆಯಲ್ಲಿ ಏರುವ ನೀರನ್ನು ಹನ್ನೆರಡು ಪಾಲು ಮಾಡಿ 1, 2, 3, 3, 2, 1 ಪಾಲು ಅಂತ ಗಂಟೆಗಂಟೆಗೆ ಎಣಿಸುವ ಬಾಯಿಲೆಕ್ಕ ಇಲ್ಲಿ ಕೂಡುವುದಿಲ್ಲ.

ಹಂತ 8: ಪರದೆ

ದೊಡ್ಡ ಅಂಕಿಯ ಲೆಕ್ಕ ಸರಳ. ದಿಬ್ಬದ ನೆತ್ತಿ ಡೇಟಮ್‌ಗಿಂತ 0.4 ಮೀ. ಮೇಲಿದೆ, ಚಾರ್ಟಿನಲ್ಲಿ ಅಂಥ ಅಂಕಿಯ ಕೆಳಗೆ ಗೆರೆ ಎಳೆದಿರುತ್ತಾರೆ. ಉಬ್ಬರ 2.1 ಮೀ. ಇದ್ದರೆ ದಿಬ್ಬದ ಮೇಲೆ ನೀರು 1.7. ಬೋಟಿನ ಡ್ರಾಫ್ಟ್, ಅಂದರೆ ನೀರಿನೊಳಗೆ ಮುಳುಗುವ ಆಳ, 1.1. ಉಳಿದದ್ದು 0.6 ಮೀ. ಅದು 0.5ಕ್ಕಿಂತ ಕಡಿಮೆಯಾದರೆ ಅಂಕಿಯ ಸುತ್ತ ದಪ್ಪ ಚೌಕ ಬರುತ್ತದೆ.

ಅಳೆದದ್ದಕ್ಕೂ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಮುಂದಿನ ಗಂಟೆಗಳಿಗೂ ಸೇರಿಸುತ್ತೇನೆ, ಆದರೆ ಒಂದು ಕಟ್ಟುನಿಟ್ಟಿನೊಂದಿಗೆ. ನೀರು ಲೆಕ್ಕಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಕಳೆಯುತ್ತೇನೆ. ಜಾಸ್ತಿ ಇದ್ದರೆ ಅರ್ಧ ಮಾತ್ರ ಕೂಡುತ್ತೇನೆ. ಗಾಳಿ ತಂದ ನೀರು ಗಾಳಿ ತಿರುಗಿದರೆ ಹೋಗುತ್ತದೆ, ಅದನ್ನು ನಂಬಿ ದಿಬ್ಬ ದಾಟಬಾರದು. ಬೋಟಿನ ಬಿಎಂಪಿ280 ಲೆಕ್ಕಕ್ಕೆ ಸೇರುವುದಿಲ್ಲ, ವಾಯುಭಾರದ ಪಾಲು ಜೆಟ್ಟಿಯ ಅಳತೆಯಲ್ಲೇ ಇರುತ್ತದೆ. ವಾಯುಭಾರ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಕಣ್ಣಿಡಲು ಮೂಲೆಯಲ್ಲಿ ಅದರ ಅಂಕಿ ಅಷ್ಟೇ.

ಇ-ಪೇಪರ್ ಆರಿಸಿದ್ದು ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ ಅಂತ. ಆದರೆ ಅದರ ಒಂದು ಗುಣ ಇಲ್ಲಿ ಅಪಾಯ. ಕರೆಂಟು ಹೋದರೂ ಕೊನೆಯ ಚಿತ್ರ ಹಾಗೇ ಉಳಿಯುತ್ತದೆ. ಒಂದು ಸಂಜೆ ಫ್ಯೂಸ್ ಹೋಗಿತ್ತು. ಪರದೆ ಮಾತ್ರ 0.9 ಅಂತ ಸ್ಪಷ್ಟವಾಗಿ ತೋರಿಸುತ್ತಲೇ ಇತ್ತು, ಆ ಹೊತ್ತಿಗೆ ಜೆಟ್ಟಿಯ ಕಂಬದಲ್ಲಿ ನೀರು ಮೊಣಕಾಲಿನಷ್ಟು ಇಳಿದಿತ್ತು. ಅವತ್ತೇ ವಿನ್ಯಾಸ ಬದಲಿಸಿದೆ. ಈಗ ಅಂಕಿಯ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, "14:20ರವರೆಗೆ" ಅಂತ ಬರುತ್ತದೆ. ಆ ಹೊತ್ತು ಮೀರಿದ್ದರೆ ಅಂಕಿ ಸತ್ತಂತೆ. ಬೋರ್ಡು ಚಾಲೂ ಇದೆ ಅಂತ ಹೇಳಲು ಸೆಕೆಂಡಿಗೊಮ್ಮೆ ಮಿಣುಕುವ ಒಂದು ಎಲ್‌ಇಡಿ ಬೇರೆ. ಜೆಟ್ಟಿಯಿಂದ ಅರ್ಧ ಗಂಟೆ ಸುದ್ದಿ ಬರದಿದ್ದರೆ ಅಳತೆಯನ್ನು ಬಿಟ್ಟು ಬರೀ ಲೆಕ್ಕ ತೋರಿಸುತ್ತದೆ, ತಲೆಯ ಮೇಲೆ "ಲೆಕ್ಕ ಮಾತ್ರ" ಅಂತ ಬರೆದು.

ಇನ್ನು ಉಳಿದಿರುವುದು ದಿಬ್ಬದ್ದೇ ಎತ್ತರ. ಮರಳು ಜರುಗುತ್ತದೆ, ಚಾರ್ಟಿನ 0.4 ಹಳೆಯದು. ಬೋಟಿನಲ್ಲಿ ಆಳ ಅಳೆಯುವ ಎಕೊಸೌಂಡರಿನಿಂದ ಬರುವ ಡಿಪಿಟಿ ಸಾಲುಗಳನ್ನು (ಅದು ಕಳಿಸುವ ಆಳದ ಮಾಹಿತಿ) ಹೊತ್ತಿನ ಜೊತೆ ಬರೆದಿಡಲು ಶುರು ಮಾಡಿದ್ದೇನೆ. ದಿಬ್ಬ ದಾಟುವ ಹೊತ್ತಿನ ಉಬ್ಬರದಿಂದ ಆಗಿನ ಆಳ ಕಳೆದರೆ ಹೊಸ ಅಂಕಿ ಸಿಗುತ್ತದೆ. ಆದರೆ ಆ ಸಾಲಿನಲ್ಲಿ ಆಳದ ಜೊತೆ ಇನ್ನೊಂದು ಸಂಖ್ಯೆಯೂ ಬರುತ್ತದೆ. ಅದು ಧನವಾದರೆ ಸೆನ್ಸರಿನಿಂದ ನೀರಿನ ಮೇಲ್ಮೈಗೆ ಇರುವ ದೂರ, ಋಣವಾದರೆ ಸೆನ್ಸರಿನಿಂದ ಬೋಟಿನ ತಳದ ತುದಿಯಾದ ಕೀಲ್‌ಗೆ ಇರುವ ದೂರ. ನನ್ನ ಸೌಂಡರಿನಲ್ಲಿ ಕೀಲ್‌ನ ಲೆಕ್ಕ ಹಾಕಿಟ್ಟಿದ್ದರು. ಅದನ್ನು ಮೇಲ್ಮೈಗೆ ಬದಲಿಸಿ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಹೋಲಿಸುವ ಕೆಲಸ ನಡೆದಿದೆ. ಎರಡೂ ಒಂದೇ ಆಳ ಹೇಳುವವರೆಗೆ ಪೆಟ್ಟಿಗೆಯಲ್ಲಿ ಹಳೆಯ 0.4 ಅನ್ನೇ ಇಟ್ಟು, ದಾಟುವ ಮಿತಿಯನ್ನು 0.5ರಿಂದ 0.7ಕ್ಕೆ ಏರಿಸಿದ್ದೇನೆ.